ಓದುಗರ ಪ್ರಶ್ನೆ, ವೈದ್ಯರ ಉತ್ತರ: ಕಿಡ್ನಿ ಕಲ್ಲಿನ ಆಪರೇಷನ್ ಫಲಿಸುವುದೇ ಎಂದು ಮೊದಲೇ ಹೇಳಬಹುದೇ?

ಮೂತ್ರಪಿಂಡದ ಕಲ್ಲಿನ ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಪಥ್ಯದ ಕುರಿತಾಗಿರುತ್ತವೆ. ಈ ಬಾರಿ ಬಂದವು ಬೇರೆ ಬಗೆಯವು. ಆಪರೇಷನ್ನಿಗೆ ಒಪ್ಪಿಕೊಳ್ಳುವ ಮುನ್ನ ಅದು ಎಷ್ಟರಮಟ್ಟಿಗೆ ಫಲಿಸೀತು ಎಂದು ತಿಳಿಯುವ ದಾರಿಯಿದೆಯೇ ಎಂಬುದು ಒಂದಲ್ಲ ಒಂದು ರೀತಿಯಲ್ಲಿ ಎಲ್ಲರ ಪ್ರಶ್ನೆ. ಆದ್ದರಿಂದ ಈ ಸಂಚಿಕೆಯ ಪುಟಗಳನ್ನು ಇದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರನ್ನು ಬಿಟ್ಟು ಊರನ್ನು ಮಾತ್ರ ಕೊಟ್ಟಿದೆ.

ಪ್ರಶ್ನೆ: ಡಾಕ್ಟರರಿಗೆ ನಮಸ್ಕಾರ. ನನ್ನ ತಂದೆಯವರಿಗೆ 58 ವರ್ಷ. ಅವರ ಬಲ ಮೂತ್ರಪಿಂಡದಲ್ಲಿ 28 ಮಿ.ಮೀ. ಉದ್ದ, 19 ಮಿ.ಮೀ. ಅಗಲದ ಕಲ್ಲಿದೆ ಎಂದು ಸಿ.ಟಿ. ಸ್ಕ್ಯಾನಿನ ವರದಿಯಲ್ಲಿ ಬಂದಿದೆ. ಕಲ್ಲು ಕಿಡ್ನಿಯೊಳಗೆ ಮೂತ್ರ ಬಂದು ಸೇರುವ ನಡುವಿನ ಚೀಲವಾದ ಪೆಲ್ವಿಸ್‌ನಲ್ಲಿದ್ದು, ಅದರ ಒಂದು ಕವಲು ಆ ಚೀಲಕ್ಕೆ ತೆರೆದುಕೊಳ್ಳುವ ಬಟ್ಟಲಿನಂಥ ಭಾಗಗಳಲ್ಲಿ ಒಂದಾದ ಕೆಳಗಿನ ಕ್ಯಾಲಿಕ್ಸ್‌ಗೆ ಇಳಿದಿದೆಯಂತೆ. ಸಾಂದ್ರತೆ 1250 ಎಚ್.ಯು. (ಸಿ.ಟಿ.ಯಲ್ಲಿ ಸಾಂದ್ರತೆಯನ್ನು ಅಳೆಯುವ ಮಾನ), ಚರ್ಮದಿಂದ ಕಲ್ಲಿಗೆ ಇರುವ ದೂರ 86 ಮಿ.ಮೀ., ಕಿಡ್ನಿಯ ಊತ ಅಲ್ಪ ಎಂದು ಬರೆದಿದ್ದಾರೆ. ಒಂದು ಆಸ್ಪತ್ರೆಯಲ್ಲಿ ಬೆನ್ನಿನ ಕಡೆಯಿಂದ ಸಣ್ಣ ರಂಧ್ರ ಮಾಡಿ ಕಲ್ಲನ್ನು ತೆಗೆಯುವ ಪಿ.ಸಿ.ಎನ್.ಎಲ್. ಮಾಡಿದರೆ ನೂರಕ್ಕೆ 95ರಷ್ಟು ಯಶಸ್ಸು ಖಚಿತ ಎಂದರು. ಇನ್ನೊಂದು ಕಡೆ ಅದೇ ಆಪರೇಷನ್ನಿಗೆ 65 ಎಂದು ಹೇಳಿ, ಎರಡನೇ ಸಲ ಮಾಡಬೇಕಾಗಿ ಬಂದರೂ ಬರಬಹುದು ಎಂದರು. ನಾವು ಯಾರ ಮಾತನ್ನು ನಂಬಬೇಕು? (ಹಾವೇರಿ)

ಉತ್ತರ: ಇಬ್ಬರೂ ನಿಜವನ್ನೇ ಹೇಳಿರುವ ಸಾಧ್ಯತೆಯಿದೆ. ಯಶಸ್ಸು ಎಂದು ಯಾವುದನ್ನು ಕರೆಯುತ್ತೇವೆ ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ಮೂತ್ರಪಿಂಡದಲ್ಲಿ ಒಂದು ಚೂರೂ ಉಳಿಯಬಾರದು ಎಂಬುದು ಒಬ್ಬರ ಅಳತೆ. ನಾಲ್ಕು ಮಿ.ಮೀ.ಗಿಂತ ಚಿಕ್ಕ ಚೂರು ಉಳಿದು, ನೋವಾಗಲಿ ಸೋಂಕಾಗಲಿ ಇಲ್ಲದಿದ್ದರೆ ಅದೂ ಯಶಸ್ಸೇ ಎಂಬುದು ಇನ್ನೊಬ್ಬರ ಅಳತೆ. ಒಂದೇ ಸಲದ ಆಪರೇಷನ್ನಿನ ಫಲವನ್ನು ಎಣಿಸುವವರಿದ್ದಾರೆ. ಎರಡನೇ ಸಲದ್ದನ್ನೂ ಸೇರಿಸಿಕೊಂಡು ಕೊನೆಯ ಫಲವನ್ನು ಎಣಿಸುವವರಿದ್ದಾರೆ. ಆಪರೇಷನ್ ಆದ ಮೇಲೆ ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡ್ ಮಾತ್ರ ಮಾಡಿಸಿದರೆ ಸಣ್ಣ ಚೂರುಗಳು ಕಣ್ಣಿಗೆ ಬೀಳುವುದಿಲ್ಲ, ಸಿ.ಟಿ. ಮಾಡಿಸಿದರೆ ಬೀಳುತ್ತವೆ. ಆದ್ದರಿಂದ ಅದೇ ಆಸ್ಪತ್ರೆಯ ಅದೇ ರೋಗಿಗಳನ್ನು ಸಿ.ಟಿ.ಯಲ್ಲಿ ನೋಡಿದರೆ ಯಶಸ್ಸಿನ ಪ್ರಮಾಣ ಇಳಿಯುತ್ತದೆ. ನಿಮಗೆ 95 ಎಂದವರು ಸಣ್ಣ ಚೂರುಗಳನ್ನು ಬಿಟ್ಟು, ಅಗತ್ಯಬಿದ್ದರೆ ಎರಡನೇ ಸಲದ್ದನ್ನೂ ಸೇರಿಸಿ ಹೇಳಿರಬಹುದು. 65 ಎಂದವರು ಮೊದಲ ಸಲವೇ ಪೂರ್ತಿ ಖಾಲಿಯಾಗುವ ಸಾಧ್ಯತೆಯನ್ನು ಹೇಳಿರಬಹುದು. ಎರಡೂ ಕಡೆ ಹೋಗಿ ಇದನ್ನೇ ಬಿಡಿಸಿ ಕೇಳಿ. ನನ್ನ ಅನುಭವದಲ್ಲಿ, ತಾವು ಹೇಳುವ ಅಂಕಿಯ ಅರ್ಥವನ್ನು ಕೇಳದೆಯೇ ಬಿಡಿಸಿ ಹೇಳುವ ವೈದ್ಯರು ರೋಗಿಗೆ ಹೆಚ್ಚು ಉಪಕಾರ ಮಾಡುತ್ತಾರೆ.

ಇನ್ನು ಊಹೆಯ ವಿಚಾರ. ಪಿ.ಸಿ.ಎನ್.ಎಲ್. ವಿಧಾನ 1976ರಲ್ಲಿ ಸ್ವೀಡನ್ನಿನಿಂದ ಬಂದ ವರದಿಯೊಂದಿಗೆ ಆರಂಭವಾಯಿತು. ಆದರೆ ಯಾವ ಕಲ್ಲು ಸುಲಭ, ಯಾವುದು ಕಠಿಣ ಎಂದು ಎಲ್ಲರೂ ಒಂದೇ ರೀತಿಯಲ್ಲಿ ಹೇಳಲು ಬೇಕಾದ ಅಳತೆಗೋಲುಗಳು ಬರಲು ಮೂರು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯರು 2011ರಲ್ಲಿ ಪ್ರಕಟಿಸಿದ ಗೈಸ್ ಸ್ಟೋನ್ ಸ್ಕೋರ್ ಇವುಗಳಲ್ಲಿ ಸರಳವಾದದ್ದು. ಅದರಲ್ಲಿ ನಾಲ್ಕು ದರ್ಜೆಗಳಿವೆ. ಸಹಜ ರಚನೆಯ ಕಿಡ್ನಿಯ ಪೆಲ್ವಿಸ್‌ನಲ್ಲೋ, ನಡುವಿನ ಅಥವಾ ಕೆಳಗಿನ ಭಾಗದಲ್ಲೋ ಒಂದೇ ಕಲ್ಲಿದ್ದರೆ ಒಂದನೇ ದರ್ಜೆ. ಕಲ್ಲು ಮೇಲ್ಭಾಗದಲ್ಲಿದ್ದರೆ, ಒಂದಕ್ಕಿಂತ ಹೆಚ್ಚು ಕಲ್ಲುಗಳಿದ್ದರೆ, ಅಥವಾ ಒಂದೇ ಕಲ್ಲಿದ್ದರೂ ಕಿಡ್ನಿಯ ರಚನೆ ಅಸಹಜವಾಗಿದ್ದರೆ ಎರಡನೆಯದು. ಅಸಹಜ ಕಿಡ್ನಿಯಲ್ಲಿ ಹಲವು ಕಲ್ಲುಗಳಿದ್ದರೆ, ಅಥವಾ ಜಿಂಕೆಯ ಕೊಂಬಿನಂತೆ ಕವಲೊಡೆದ ಕಲ್ಲು ಕಿಡ್ನಿಯ ಒಂದು ಭಾಗವನ್ನು ತುಂಬಿದ್ದರೆ ಮೂರನೆಯದು. ಅಂಥ ಕಲ್ಲು ಕಿಡ್ನಿಯನ್ನು ಪೂರ್ತಿ ತುಂಬಿಕೊಂಡಿದ್ದರೆ, ಅಥವಾ ರೋಗಿಗೆ ಬೆನ್ನುಹುರಿಯ ತೊಂದರೆ ಇದ್ದರೆ ನಾಲ್ಕನೆಯದು. ಆ ಆಸ್ಪತ್ರೆಯ ನೂರು ಆಪರೇಷನ್‌ಗಳಲ್ಲಿ ಕಲ್ಲು ಪೂರ್ತಿ ಹೋದ ಪ್ರಮಾಣ ಒಂದನೇ ದರ್ಜೆಯಿಂದ ನಾಲ್ಕನೆಯದರವರೆಗೆ ಕ್ರಮವಾಗಿ ಶೇ. 81, 72.4, 35 ಮತ್ತು 29 ಇತ್ತು. ಆನಂತರ ಬೇರೆ ಆಸ್ಪತ್ರೆಗಳವರು ಇದೇ ಸ್ಕೋರನ್ನು ಪರೀಕ್ಷಿಸಿದಾಗ, ಕಠಿಣ ದರ್ಜೆಗಳಲ್ಲೂ ಇದಕ್ಕಿಂತ ಉತ್ತಮ ಫಲ ಪಡೆದವರಿದ್ದಾರೆ. ದರ್ಜೆ ಏರಿದಂತೆ ಫಲ ಇಳಿಯುತ್ತದೆ ಎಂಬ ಕ್ರಮ ಮಾತ್ರ ಸಾಮಾನ್ಯವಾಗಿ ಹಾಗೆಯೇ ಉಳಿದಿದೆ.

ಎರಡು ವರ್ಷಗಳ ಬಳಿಕ, 2013ರಲ್ಲಿ, ಸಿ.ಟಿ. ಚಿತ್ರವನ್ನೇ ನೇರವಾಗಿ ಅಂಕಗಳಿಗೆ ಇಳಿಸುವ ಸ್ಟೋನ್ ನೆಫ್ರೋಲಿಥೋಮೆಟ್ರಿ ಎಂಬ ವಿಧಾನ ಬಂತು. ನಿಮ್ಮ ತಂದೆಯವರ ವರದಿಯಲ್ಲಿ ಇದಕ್ಕೆ ಬೇಕಾದ ಐದೂ ವಿವರಗಳಿರುವುದರಿಂದ ಅದನ್ನು ಇಲ್ಲಿಯೇ ಲೆಕ್ಕ ಹಾಕೋಣ. ಉದ್ದವನ್ನು ಅಗಲದಿಂದ ಗುಣಿಸಿದರೆ 28 ಮತ್ತು 19ಕ್ಕೆ 532 ಚದರ ಮಿ.ಮೀ. ಬರುತ್ತದೆ. ಅದು 400ರಿಂದ 799ರ ಗುಂಪಿಗೆ ಸೇರುವುದರಿಂದ 2 ಅಂಕ. ಚರ್ಮದಿಂದ ಕಲ್ಲಿನ ದೂರ 100 ಮಿ.ಮೀ.ಗಿಂತ ಕಡಿಮೆಯಿರುವುದರಿಂದ 1. ಊತ ಅಲ್ಪವಾಗಿರುವುದರಿಂದ 1. ಕಲ್ಲು ತಗುಲಿರುವ ಕ್ಯಾಲಿಕ್ಸ್‌ಗಳು ಎರಡನ್ನು ಮೀರಿಲ್ಲ, ಆದ್ದರಿಂದ 1. ಸಾಂದ್ರತೆ 950 ಎಚ್.ಯು. ದಾಟಿರುವುದರಿಂದ 2. ಒಟ್ಟು 7. ಈ ಅಳತೆಗೋಲು 5ರಿಂದ 13ರವರೆಗೆ ಹೋಗುತ್ತದೆ ಮತ್ತು ಅಂಕ ಹೆಚ್ಚಿದಷ್ಟೂ ಕಷ್ಟ ಹೆಚ್ಚು. ಹಾಗಾಗಿ ನಿಮ್ಮ ತಂದೆಯವರ ಕಲ್ಲು ತೀರ ಸುಲಭದ್ದಲ್ಲವಾದರೂ ಸುಲಭದ ಕಡೆಗೇ ಇದೆ ಎಂದು ಇದು ಹೇಳುತ್ತದೆ.

ಅದೇ ಕಲ್ಲಿಗೆ ಗೈಸ್ ದರ್ಜೆ ಕೊಡಲು ಹೊರಟರೆ ತೊಡಕು ಎದುರಾಗುತ್ತದೆ. ಪೆಲ್ವಿಸ್‌ನಿಂದ ಒಂದೇ ಕ್ಯಾಲಿಕ್ಸ್‌ಗೆ ಇಳಿದ ಕವಲನ್ನು ಭಾಗಶಃ ಕವಲೊಡೆದ ಕಲ್ಲು ಎಂದು ಎಣಿಸುವವರು ಮೂರನೇ ದರ್ಜೆ ಕೊಡುತ್ತಾರೆ. ಇದು ಪೆಲ್ವಿಸ್‌ನ ಒಂಟಿ ಕಲ್ಲೇ, ತುದಿ ಸ್ವಲ್ಪ ಕೆಳಗೆ ಚಾಚಿದೆ ಅಷ್ಟೇ ಎನ್ನುವವರು ಒಂದನೇ ದರ್ಜೆ ಕೊಡುತ್ತಾರೆ. ಎಲ್ಲಿಯವರೆಗೆ ಕವಲೊಡೆದರೆ ಭಾಗಶಃ ಎನ್ನಬೇಕು ಎಂಬುದಕ್ಕೆ ಆ ಸ್ಕೋರಿನಲ್ಲಿ ಬಿಗಿಯಾದ ಗೆರೆಯಿಲ್ಲದಿರುವುದು ಅದರ ಮೇಲೆ ಮೊದಲಿನಿಂದಲೂ ಇರುವ ಆಕ್ಷೇಪ. ಒಂದೇ ಫಿಲ್ಮನ್ನು ನೋಡಿದ ಇಬ್ಬರು ತಜ್ಞರ ನಡುವೆ 81 ಮತ್ತು 35ರಷ್ಟು ಅಂತರ ಹುಟ್ಟುವುದು ಹೀಗೆ. ನಿಮಗೆ ಬಂದ ಎರಡು ಉತ್ತರಗಳ ಹಿಂದೆಯೂ ಇದೇ ಇದ್ದರೆ ಆಶ್ಚರ್ಯವಿಲ್ಲ.

ಈ ಎರಡೂ ಸ್ಕೋರುಗಳು ಒಂದು ಮುಖ್ಯ ಸಂಗತಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ಆಪರೇಷನ್ ಮಾಡುವವರ ಅನುಭವ. 2007ರಿಂದ 2009ರವರೆಗೆ ಹಲವು ದೇಶಗಳ 96 ಆಸ್ಪತ್ರೆಗಳಲ್ಲಿ ಪಿ.ಸಿ.ಎನ್.ಎಲ್. ಆದ 5803 ರೋಗಿಗಳ ಮಾಹಿತಿಯನ್ನು ಕ್ರೋಸ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಕಚೇರಿ ಒಟ್ಟುಗೂಡಿಸಿತ್ತು. ಅವರೆಲ್ಲರನ್ನೂ ಸೇರಿಸಿ ನೋಡಿದಾಗ ಕಲ್ಲು ಪೂರ್ತಿ ಹೋದವರು ಶೇ. 75.7. ಅವರಲ್ಲಿ 2806 ಜನರ ವಿವರಗಳಿಂದ ತಯಾರಿಸಿದ ನೋಮೋಗ್ರಾಮ್ ಎಂಬ ಲೆಕ್ಕದ ಪಟ್ಟಿಯಲ್ಲಿ ಕಲ್ಲಿನ ಗಾತ್ರ, ಸ್ಥಳ, ಸಂಖ್ಯೆ, ಕವಲು, ಹಿಂದೆ ಆದ ಚಿಕಿತ್ಸೆ ಇವುಗಳ ಜೊತೆಗೆ ಆ ಆಸ್ಪತ್ರೆಯಲ್ಲಿ ವರ್ಷಕ್ಕೆ ಎಷ್ಟು ಇಂಥ ಆಪರೇಷನ್ ಆಗುತ್ತದೆ ಎಂಬುದಕ್ಕೂ ಅಂಕವಿದೆ. ಹೆಚ್ಚು ಮಾಡುವಲ್ಲಿ ಫಲ ಹೆಚ್ಚು. ಆದ್ದರಿಂದ ವರ್ಷಕ್ಕೆ ಎಷ್ಟು ಪಿ.ಸಿ.ಎನ್.ಎಲ್. ಮಾಡುತ್ತೀರಿ, ಈ ಬಗೆಯ ಕಲ್ಲಿನಲ್ಲಿ ನಿಮ್ಮ ಸ್ವಂತ ಫಲಿತಾಂಶ ಏನು ಎಂದು ವೈದ್ಯರನ್ನು ವಿನಯದಿಂದ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಎದುರಿಗೆ ಕುಳಿತು ಹೀಗೆ ಕೇಳಲು ನಮ್ಮ ಜನ ಬಹಳ ಸಂಕೋಚಪಡುತ್ತಾರೆ. ಲಂಡನ್ನಿನ ನೂರು ರೋಗಿಗಳ ಅಂಕಿಗಿಂತ, ನಿಮ್ಮ ತಂದೆಯವರನ್ನು ಮುಟ್ಟುವ ಕೈಗಳ ಅಂಕಿ ನಿಮಗೆ ಹೆಚ್ಚು ಮುಖ್ಯ.

ಹಣದ ವಿಚಾರವನ್ನೂ ಮೊದಲೇ ಮಾತಾಡಿಕೊಳ್ಳಿ. ಎರಡನೇ ಸಲ ಬೇಕಾದರೆ ಅದರ ಖರ್ಚು ಹೇಳಿದ ಪ್ಯಾಕೇಜಿನಲ್ಲಿ ಸೇರಿದೆಯೇ, ಮೂತ್ರ ಸರಾಗವಾಗಿ ಇಳಿಯಲೆಂದು ಒಳಗಿಡುವ ಕೊಳವೆಯಾದ ಸ್ಟೆಂಟ್ ತೆಗೆಯುವುದು ಸೇರಿದೆಯೇ ಎಂದು ಕೇಳಿ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಹೋಗುವುದಾದರೆ ಎರಡನೇ ಹಂತದ ವಿಚಾರವನ್ನು ದಾಖಲಾಗುವ ಮೊದಲೇ ಆಸ್ಪತ್ರೆಯ ಯೋಜನಾ ವಿಭಾಗದಲ್ಲಿ ವಿಚಾರಿಸಿ. ಸ್ಕೋರ್ ಮೇಲಿನ ದರ್ಜೆಯದೆಂದು ಗೊತ್ತಾದಾಗ ಅದರಿಂದ ಆಗುವ ದೊಡ್ಡ ಪ್ರಯೋಜನವೇ ಇದು: ಎರಡನೇ ಸಲಕ್ಕೆ ಮನಸ್ಸು, ರಜೆ, ಹಣ ಮೂರನ್ನೂ ಮನೆಯವರು ಮೊದಲೇ ಹೊಂದಿಸಿಕೊಳ್ಳಬಹುದು.

ಪ್ರಶ್ನೆ: ನನಗೆ 36 ವರ್ಷ. ಎಡ ಕಿಡ್ನಿಯ ಕೆಳಗಿನ ಕ್ಯಾಲಿಕ್ಸ್‌ನಲ್ಲಿ 9 ಮಿ.ಮೀ. ಕಲ್ಲಿದ್ದು ಆಗಾಗ ನೋವು ಬರುತ್ತದೆ. ಸಾಂದ್ರತೆ 1150 ಎಚ್.ಯು., ಚರ್ಮದಿಂದ ದೂರ 12.5 ಸೆಂ.ಮೀ. ಗಾಯವಿಲ್ಲದೆ ಹೊರಗಿನಿಂದಲೇ ಶಾಕ್ ವೇವ್ ಕೊಟ್ಟು ಪುಡಿ ಮಾಡಬಹುದು ಎಂದು ಒಬ್ಬರು ಹೇಳಿದ್ದಾರೆ. ಕೊಯ್ಯುವುದೇ ಬೇಡ ಎನ್ನುವುದು ನನಗೆ ಇಷ್ಟವಾಗಿದೆ. ಆದರೆ ಅದು ಫಲಿಸುತ್ತದೆಯೇ? (ಮೈಸೂರು)

ಉತ್ತರ: ಹೊರಗಿನಿಂದ ಆಘಾತ ತರಂಗಗಳನ್ನು ಹಾಯಿಸಿ ಕಲ್ಲನ್ನು ಒಡೆಯುವ ಈ ಚಿಕಿತ್ಸೆಯನ್ನು ಜರ್ಮನಿಯ ಮ್ಯೂನಿಕ್‌ನಲ್ಲಿ 1980ರ ಫೆಬ್ರುವರಿಯಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ನೀಡಲಾಯಿತು. ಅಲ್ಲಿಯವರೆಗೆ ಪಕ್ಕೆಯನ್ನು ಉದ್ದಕ್ಕೆ ಕೊಯ್ದು ಕಲ್ಲು ತೆಗೆಯುವುದೇ ರೂಢಿಯಾಗಿದ್ದುದರಿಂದ ಇದೊಂದು ದೊಡ್ಡ ವರವಾಗಿ ಬಂತು. ಸರಿಯಾದ ಕಲ್ಲಿಗೆ ಇಂದಿಗೂ ಒಳ್ಳೆಯ ಚಿಕಿತ್ಸೆಯೇ. ನಿಮ್ಮ ಕಲ್ಲು ಆ ಗುಂಪಿಗೆ ಸೇರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಶಾಕ್ ವೇವ್ ಫಲಿಸುವುದೇ ಎಂದು ಊಹಿಸಲು ಮೂರು ಸಂಗತಿಗಳು ಮುಖ್ಯ: ಕಲ್ಲಿನ ಗಾತ್ರ, ಅದರ ಸಾಂದ್ರತೆ, ಚರ್ಮದಿಂದ ಅದಕ್ಕಿರುವ ದೂರ. 2015ರಲ್ಲಿ ಪ್ರಕಟವಾದ ಟ್ರಿಪಲ್ ಡಿ ಎಂಬ ಸ್ಕೋರು ಈ ಮೂರರಲ್ಲೇ ನಿಂತಿದೆ. ಕಲ್ಲಿನ ಘನ ಅಳತೆ 150 ಮೈಕ್ರೋಲೀಟರ್‌ಗಿಂತ, ಸಾಂದ್ರತೆ 600 ಎಚ್.ಯು.ಗಿಂತ, ದೂರ 12 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಒಂದೊಂದಕ್ಕೂ ಒಂದು ಅಂಕ. ಇಲ್ಲಿ ಹೆಚ್ಚು ಅಂಕ ಬಂದಷ್ಟೂ ಒಳ್ಳೆಯದು. ನಿಮಗೆ ಸಾಂದ್ರತೆಯ ಅಂಕವೂ ಇಲ್ಲ, ದೂರದ ಅಂಕವೂ ಇಲ್ಲ. ಸಾವಿರ ಎಚ್.ಯು. ದಾಟಿದ ಕಲ್ಲುಗಳು ತರಂಗಕ್ಕೆ ಸುಲಭವಾಗಿ ಒಡೆಯುವುದಿಲ್ಲ. ಕ್ಯಾಲ್ಸಿಯಂ ಆಕ್ಸಲೇಟ್ ಮೋನೋಹೈಡ್ರೇಟ್, ಬ್ರಶೈಟ್, ಸಿಸ್ಟೀನ್ ಜಾತಿಯ ಕಲ್ಲುಗಳು ಹೀಗೆ ಹಠ ಹಿಡಿಯುವಂಥವು.

ಇದರ ಮೇಲೆ ಕಲ್ಲು ಕೆಳಗಿನ ಕ್ಯಾಲಿಕ್ಸ್‌ನಲ್ಲಿದೆ. ಒಡೆದರೂ ಚೂರುಗಳು ಹೊರಬರಲು ಮೇಲಕ್ಕೆ ಹತ್ತಬೇಕು. ಕಿರಿದಾದ ಕತ್ತಿನ ತಂಬಿಗೆಯ ತಳದಲ್ಲಿ ಕುಳಿತ ಮರಳಿನಂತೆ ಅವು ಅಲ್ಲಿಯೇ ನಿಲ್ಲುತ್ತವೆ. ಆ ಕ್ಯಾಲಿಕ್ಸ್‌ನ ಕತ್ತು ಐದು ಮಿ.ಮೀ.ಗಿಂತ ಕಿರಿದಾಗಿದ್ದರೆ, ಮೂರು ಸೆಂ.ಮೀ.ಗಿಂತ ಉದ್ದವಾಗಿದ್ದರೆ, ಪೆಲ್ವಿಸ್‌ನೊಂದಿಗೆ ಅದು ಮಾಡುವ ಕೋನ ಚೂಪಾಗಿದ್ದರೆ ಇನ್ನೂ ಕಷ್ಟ. 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೆಳಭಾಗದ ಕಲ್ಲುಗಳಿಗೆ ಶಾಕ್ ವೇವ್ ಮತ್ತು ಪಿ.ಸಿ.ಎನ್.ಎಲ್.ಗಳನ್ನು ಚೀಟಿ ಎತ್ತಿದಂತೆ ಹಂಚಿ ಹೋಲಿಸಿದಾಗ, ಮೂರು ತಿಂಗಳ ನಂತರ ಕಲ್ಲು ಪೂರ್ತಿ ಹೋದವರು ಶಾಕ್ ವೇವ್‌ನಲ್ಲಿ ಶೇ. 37, ಪಿ.ಸಿ.ಎನ್.ಎಲ್.ನಲ್ಲಿ ಶೇ. 95. ಹತ್ತು ಮಿ.ಮೀ.ವರೆಗಿನ ಚಿಕ್ಕ ಕಲ್ಲುಗಳನ್ನಷ್ಟೇ ತೆಗೆದುಕೊಂಡರೆ ಶಾಕ್ ವೇವ್‌ನ ಪ್ರಮಾಣ ಶೇ. 63 ಇತ್ತು. ಅದು ಎಕ್ಸ್‌ರೇ ಬಗೆಯ ಚಿತ್ರಗಳಲ್ಲಿ ನೋಡಿದ ಫಲ. 2005ರ ಇನ್ನೊಂದು ಅಧ್ಯಯನದಲ್ಲಿ ಅಷ್ಟೇ ಗಾತ್ರದ ಕೆಳಭಾಗದ ಕಲ್ಲುಗಳಿಗೆ ಶಾಕ್ ವೇವ್ ಕೊಟ್ಟು ಸಿ.ಟಿ.ಯಲ್ಲಿ ನೋಡಿದಾಗ ಅದು ಶೇ. 35ಕ್ಕೆ ನಿಂತಿತು. ಅದೇ ಅಧ್ಯಯನದಲ್ಲಿ ಮೂತ್ರದ ದಾರಿಯಿಂದ ಸಣ್ಣ ದುರ್ಬೀನು ಹಾಕಿ ಲೇಸರಿನಲ್ಲಿ ಪುಡಿಮಾಡಿಸಿಕೊಂಡವರಲ್ಲೂ ಪೂರ್ತಿ ಖಾಲಿಯಾದವರು ಅರ್ಧದಷ್ಟು ಮಾತ್ರ. ಅಂದಿನಿಂದ ಇಂದಿಗೆ ದುರ್ಬೀನುಗಳೂ ಲೇಸರುಗಳೂ ಬಹಳ ಸುಧಾರಿಸಿವೆ, ಚೂರುಗಳನ್ನು ಹೀರಿ ತೆಗೆಯುವ ಕೊಳವೆಗಳೂ ಬಂದಿವೆ.

ಹಾಗಾಗಿ ನಿಮಗೆ ಬಾಗುವ ದುರ್ಬೀನಿನ ಆರ್.ಐ.ಆರ್.ಎಸ್. ವಿಧಾನವನ್ನು ಮೊದಲು ವಿಚಾರಿಸಿ. ಅದರಲ್ಲೂ ಚರ್ಮ ಕೊಯ್ಯುವುದಿಲ್ಲ. ತೀರ ಕಿರಿದಾದ ರಂಧ್ರದ ಪಿ.ಸಿ.ಎನ್.ಎಲ್. ಇನ್ನೊಂದು ದಾರಿ. ಸುಮಾರು 1.6 ಮಿ.ಮೀ. ದಪ್ಪದ ಸೂಜಿಯ ಮೂಲಕವೇ ನೋಡಿ ಕಲ್ಲು ಪುಡಿ ಮಾಡುವ ಮೈಕ್ರೋಪರ್ಕ್ ವಿಧಾನವನ್ನು ಬೆಳೆಸುವುದರಲ್ಲಿ ಗುಜರಾತಿನ ನಡಿಯಾದ್‌ನ ಮೂಲ್ಜಿಭಾಯಿ ಪಟೇಲ್ ಆಸ್ಪತ್ರೆಯ ವೈದ್ಯರ ಪಾಲು ದೊಡ್ಡದು ಎಂಬುದು ನಾವೆಲ್ಲ ಹೆಮ್ಮೆಪಡಬೇಕಾದ ವಿಷಯ. ಇಷ್ಟಾದರೂ ಶಾಕ್ ವೇವನ್ನೇ ಆರಿಸುವುದಾದರೆ, ತರಂಗಗಳನ್ನು ನಿಮಿಷಕ್ಕೆ 120ರ ಬದಲು 60ರ ವೇಗದಲ್ಲಿ ಕೊಡುವಂತೆ ಕೇಳಿ. ನಿಧಾನವಾಗಿ ಕೊಟ್ಟಾಗ ಕಲ್ಲು ಚೆನ್ನಾಗಿ ಒಡೆಯುತ್ತದೆ. ಗರ್ಭಿಣಿಯಾಗಿದ್ದರೆ ಅಥವಾ ಆ ಸಂಶಯವಿದ್ದರೆ ಈ ಚಿಕಿತ್ಸೆಯನ್ನು ಖಂಡಿತ ತೆಗೆದುಕೊಳ್ಳಬಾರದು.

ಪ್ರಶ್ನೆ: ಅಮ್ಮನಿಗೆ 67 ವರ್ಷ, ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಕಿಡ್ನಿಯಲ್ಲಿ ದೊಡ್ಡ ಕಲ್ಲಿದೆ, ಮೂತ್ರದಲ್ಲಿ ಸೋಂಕೂ ಇದೆ. ಸ್ಕೋರ್ ನೋಡಿ ಯಶಸ್ಸಿನ ಸಾಧ್ಯತೆ ಚೆನ್ನಾಗಿದೆ ಎಂದಿದ್ದಾರೆ. ಹಾಗಾದರೆ ಹೆದರುವ ಕಾರಣವಿಲ್ಲವೇ? (ಚಿಕ್ಕಮಗಳೂರು)

ಉತ್ತರ: ಕಲ್ಲು ಪೂರ್ತಿ ಹೋಗುವುದು ಬೇರೆ, ಆಪರೇಷನ್ ಸುರಕ್ಷಿತವಾಗಿ ಮುಗಿಯುವುದು ಬೇರೆ. ಸ್ಕೋರುಗಳನ್ನು ಮುಖ್ಯವಾಗಿ ಮೊದಲನೆಯದಕ್ಕಾಗಿ ಕಟ್ಟಲಾಗಿದೆ. ತೊಂದರೆಗಳನ್ನು ಮುಂಗಾಣುವುದರಲ್ಲಿ ಅವು ಅಷ್ಟು ಸಮರ್ಥವಲ್ಲ. ಮೇಲೆ ಹೇಳಿದ 5803 ರೋಗಿಗಳಲ್ಲಿ ಆಪರೇಷನ್ ನಂತರ ಜ್ವರ ಬಂದವರು ಶೇ. 10.5, ರಕ್ತ ಕೊಡಬೇಕಾಗಿ ಬಂದವರು ಶೇ. 5.7. ವಯಸ್ಸು, ಸಕ್ಕರೆ ಕಾಯಿಲೆ, ಮೊದಲೇ ಇರುವ ಸೋಂಕು ಇವು ಮೂರೂ ಒಂದೆಡೆ ಸೇರಿದ ನಿಮ್ಮ ತಾಯಿಯವರಂಥವರಲ್ಲಿ ಸೋಂಕು ರಕ್ತಕ್ಕೆ ಹರಡುವ ಭಯ ಸರಾಸರಿಗಿಂತ ಹೆಚ್ಚು, ಮತ್ತು ನನಗೆ ಕಲ್ಲಿನ ಚೂರು ಉಳಿಯುವುದಕ್ಕಿಂತ ಅದರದೇ ಚಿಂತೆ.

ಆದ್ದರಿಂದ ಮೂತ್ರದ ಕಲ್ಚರ್ ಪರೀಕ್ಷೆ ಆಗದೆ ಆಪರೇಷನ್ನಿನ ದಿನ ಗೊತ್ತುಪಡಿಸಲು ಬಿಡಬೇಡಿ. ಯಾವ ಕ್ರಿಮಿ, ಅದಕ್ಕೆ ಯಾವ ಔಷಧಿ ತಾಗುತ್ತದೆ ಎಂದು ತಿಳಿದು, ಅದನ್ನು ಕೊಟ್ಟು, ಸಕ್ಕರೆಯನ್ನು ಹತೋಟಿಗೆ ತಂದ ಮೇಲೆಯೇ ಮುಂದಿನ ಮಾತು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಪ್ಪದೆ ಹೇಳಿ, ಆದರೆ ನೀವಾಗಿಯೇ ನಿಲ್ಲಿಸಬೇಡಿ. ಒಂದು ಎಚ್ಚರಿಕೆಯನ್ನು ದಯವಿಟ್ಟು ಮನೆಯವರೆಲ್ಲರೂ ನೆನಪಿಟ್ಟುಕೊಳ್ಳಿ: ಕಲ್ಲು ಮೂತ್ರದ ದಾರಿಯನ್ನು ಕಟ್ಟಿ, ಜೊತೆಗೆ ಚಳಿ ಜ್ವರ ಬಂದರೆ ಅದು ತುರ್ತು ಸ್ಥಿತಿ. ಆಗ ಕಲ್ಲನ್ನು ತೆಗೆಯುವುದಕ್ಕೆ ಹೋಗುವುದಿಲ್ಲ. ಮೊದಲು ಸ್ಟೆಂಟ್ ಹಾಕಿಯೋ, ಬೆನ್ನಿನಿಂದ ಕೊಳವೆ ಇಟ್ಟೋ ಕಟ್ಟಿಕೊಂಡ ಮೂತ್ರವನ್ನು ಹೊರಗೆ ಬಿಡುತ್ತಾರೆ. ಸೋಂಕು ತಗ್ಗಿದ ಮೇಲೆ, ಕೆಲವು ವಾರಗಳ ಬಳಿಕ, ಕಲ್ಲಿನ ಆಪರೇಷನ್. ಹಣ ಎರಡು ಸಲ ಖರ್ಚಾಗುತ್ತದೆ ಎಂದು ಈ ಹಂತವನ್ನು ಬಿಡಬಾರದು. ಜೀವ ಉಳಿಸುವುದೇ ಈ ಹಂತ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಕಿಡ್ನಿ ಕಲ್ಲಿನ ಆಪರೇಷನ್ನಿನ ಫಲವನ್ನು ಮಷೀನ್ ಲರ್ನಿಂಗ್ (ಹಳೆಯ ದಾಖಲೆಗಳಿಂದ ತಾನೇ ಕಲಿಯುವ ತಂತ್ರಾಂಶ) ಶೇ. 90ಕ್ಕೂ ಹೆಚ್ಚು ನಿಖರವಾಗಿ ಹೇಳುತ್ತದೆ ಎಂದು ಓದಿದೆ. ಹೀಗಿರುವಾಗ ವೈದ್ಯರು ಇನ್ನೂ ಕೈಲೆಕ್ಕದ ಸ್ಕೋರುಗಳನ್ನೇ ಬಳಸುವುದೇಕೆ? (ಬೆಂಗಳೂರು)

ಉತ್ತರ: ಒಳ್ಳೆಯ ಪ್ರಶ್ನೆ. ಇರಾನಿನ ಶಿರಾಜ್ ನಗರದ ವೈದ್ಯರೂ ಸೇರಿದಂತೆ ಹಲವರು ಈ ದಿಕ್ಕಿನಲ್ಲಿ ಕೆಲಸ ಮಾಡಿ, ಗೈಸ್ ಮತ್ತು ಕ್ರೋಸ್ ಲೆಕ್ಕಗಳಿಗಿಂತ ತಮ್ಮ ತಂತ್ರಾಂಶ ಮೇಲು ಎಂದು ತೋರಿಸಿದ್ದಾರೆ. ಆ ಕೆಲಸಕ್ಕೆ ನನ್ನ ಗೌರವವಿದೆ. ಆದರೆ ಅಂಕಿಯನ್ನು ಓದುವಾಗ ಮೂರು ಪ್ರಶ್ನೆಗಳನ್ನು ಇಟ್ಟುಕೊಳ್ಳಿ.

ಮೊದಲನೆಯದು, ಶೇ. 90 ನಿಖರ ಎಂದರೆ ಯಾವುದಕ್ಕೆ ಹೋಲಿಸಿದರೆ? ಒಂದು ಆಸ್ಪತ್ರೆಯಲ್ಲಿ ನೂರರಲ್ಲಿ 85 ಜನರಿಗೆ ಕಲ್ಲು ಪೂರ್ತಿ ಹೋಗುತ್ತದೆ ಎಂದಿಟ್ಟುಕೊಳ್ಳಿ. ಅಲ್ಲಿ ಸ್ಕ್ಯಾನನ್ನು ನೋಡದೆಯೇ ಬಂದವರಿಗೆಲ್ಲ ಫಲಿಸುತ್ತದೆ ಎಂದು ಹೇಳುತ್ತಾ ಕುಳಿತರೂ ಶೇ. 85 ನಿಖರತೆ ಬರುತ್ತದೆ. ನಮಗೆ ಬೇಕಾಗಿರುವುದು ಫಲಿಸದ ಆ ಹದಿನೈದು ಜನ ಯಾರು ಎಂಬ ಸುಳಿವು. ಇದಕ್ಕಾಗಿಯೇ ಸಂಶೋಧಕರು ಬೇರೊಂದು ಅಳತೆಯನ್ನು ಬಳಸುತ್ತಾರೆ: ಕಲ್ಲು ಪೂರ್ತಿ ಹೋದ ಒಬ್ಬರನ್ನು, ಹೋಗದ ಒಬ್ಬರನ್ನು ಎದುರುಬದುರು ಇಟ್ಟರೆ, ಹೋದವರಿಗೇ ಹೆಚ್ಚಿನ ಅಂಕ ಕೊಡುವುದು ಎಷ್ಟು ಸಲ ಸರಿಯಾಗುತ್ತದೆ? ಅದು 0.5 ಇದ್ದರೆ ನಾಣ್ಯ ಚಿಮ್ಮಿದಂತೆ, 1 ಇದ್ದರೆ ಎಂದೂ ತಪ್ಪದು. ಪತ್ರಿಕೆಗಳ ಸುದ್ದಿಯಲ್ಲಿ ಈ ಎರಡು ಅಳತೆಗಳು ಆಗಾಗ ಕಲಸಿಹೋಗುತ್ತವೆ.

ಎರಡನೆಯದು, ಹೇಳಿದ ಸಾಧ್ಯತೆ ಮತ್ತು ನಡೆದದ್ದು ಹೊಂದುತ್ತವೆಯೇ? ಯಾರು ಯಾರಿಗೆ ಶೇ. 80 ಎಂದು ಹೇಳಿತೋ ಅವರನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ನೂರಕ್ಕೆ ಎಂಬತ್ತು ಜನರಿಗೆ ನಿಜವಾಗಿ ಫಲಿಸಿರಬೇಕು. ಯಾರು ಮುಂದೆ, ಯಾರು ಹಿಂದೆ ಎಂಬ ಸಾಲನ್ನು ಸರಿಯಾಗಿ ನಿಲ್ಲಿಸುವ ತಂತ್ರಾಂಶವೂ ಇಲ್ಲಿ ಎಡವುವುದುಂಟು. ರೋಗಿಯ ಕಿವಿಗೆ ಬೀಳುವುದು ಈ ಸಂಖ್ಯೆಯೇ ಆದುದರಿಂದ ನನ್ನ ಮಟ್ಟಿಗೆ ಇದೇ ದೊಡ್ಡ ಪರೀಕ್ಷೆ.

ಮೂರನೆಯದು, ಕಲಿತ ಮನೆಯಿಂದ ಹೊರಗೆ ಹೋದಾಗ ಅದು ಏನಾಗುತ್ತದೆ? ಒಂದೇ ಆಸ್ಪತ್ರೆಯ ಕೆಲವು ನೂರು ರೋಗಿಗಳಿಂದ ಕಲಿತ ತಂತ್ರಾಂಶ ಆ ಆಸ್ಪತ್ರೆಯ ಯಂತ್ರ, ಅಲ್ಲಿನ ಶಸ್ತ್ರಜ್ಞರ ಕೈ, ಅಲ್ಲಿ ಯಾರಿಗೆ ಯಾವ ಆಪರೇಷನ್ ಆರಿಸುತ್ತಾರೆ ಎಂಬ ರೂಢಿ ಎಲ್ಲವನ್ನೂ ತನಗರಿವಿಲ್ಲದೆ ಕಲಿತಿರುತ್ತದೆ. ಅದನ್ನು ರಾಯಚೂರಿನಲ್ಲಿ ಬಳಸಬೇಕಾದರೆ ರಾಯಚೂರಿನ ರೋಗಿಗಳಲ್ಲಿ ಪರೀಕ್ಷಿಸಿ ನೋಡಲೇಬೇಕು. ಆಪರೇಷನ್ ನಂತರ ಸಿ.ಟಿ. ಮಾಡಿಸದ ಆಸ್ಪತ್ರೆಯ ದಾಖಲೆಗಳಿಂದ ಕಲಿಸಿದರೆ, ಕಣ್ಣಿಗೆ ಬೀಳದೆ ಉಳಿದ ಚೂರುಗಳನ್ನು ಅದು ಯಶಸ್ಸೆಂದೇ ಕಲಿಯುತ್ತದೆ. ಎಷ್ಟು ಚುರುಕಾದ ಗಣಿತವೂ ಆ ದೋಷವನ್ನು ತಿದ್ದಲಾರದು. ನೀವು ಈ ಕ್ಷೇತ್ರಕ್ಕೆ ಬರುವುದಾದರೆ ಹೊಸ ಮಾದರಿ ಕಟ್ಟುವುದಕ್ಕಿಂತ ಮೊದಲು, ನಮ್ಮ ಆಸ್ಪತ್ರೆಗಳಲ್ಲಿ ಆಪರೇಷನ್ ಆದವರ ಮೂರು ತಿಂಗಳ ನಂತರದ ಸ್ಥಿತಿಯನ್ನು ಒಂದೇ ಅಳತೆಯಲ್ಲಿ ದಾಖಲಿಸುವ ವ್ಯವಸ್ಥೆ ಕಟ್ಟಲು ನೆರವಾಗಿ ಎಂದು ಮನಃಪೂರ್ವಕ ಕೇಳಿಕೊಳ್ಳುತ್ತೇನೆ. ಗೈಸ್ ದರ್ಜೆಯನ್ನು ಇನ್ನೂ ಬಳಸುವುದಕ್ಕೆ ಕಾರಣ ಸರಳ: ರೋಗಿಯ ಎದುರಿಗೆ ಕುಳಿತು, ಫಿಲ್ಮನ್ನು ಬೆಳಕಿಗೆ ಹಿಡಿದು, ಏಕೆ ಈ ದರ್ಜೆ ಎಂದು ಬೆರಳಿಟ್ಟು ತೋರಿಸಬಹುದು.

ಪ್ರಶ್ನೆ: ಆಪರೇಷನ್ನಿಗೆ ಮೊದಲು ಎರಡು ತಿಂಗಳು ಬಾಳೆದಿಂಡಿನ ರಸ, ಹುರುಳಿ ಕಟ್ಟು ಕುಡಿದರೆ ಕಲ್ಲು ಕರಗಿ ಚಿಕ್ಕದಾಗಿ ಆಪರೇಷನ್ ಸುಲಭವಾಗುತ್ತದೆಯೇ? (ತುಮಕೂರು)

ಉತ್ತರ: ನಮ್ಮಲ್ಲಿ ಹೆಚ್ಚಾಗಿ ಕಾಣುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಇವುಗಳಿಂದ ಕರಗುವುದಿಲ್ಲ. ಊಟದ ಭಾಗವಾಗಿ ತಿಂದರೆ ಅಡ್ಡಿಯಿಲ್ಲ, ಅದನ್ನೇ ನೆಚ್ಚಿ ಆಪರೇಷನ್ನನ್ನು ಮುಂದೂಡಬೇಡಿ. ದಾರಿ ಕಟ್ಟಿಕೊಂಡ ಕಿಡ್ನಿ ಆ ಎರಡು ತಿಂಗಳಲ್ಲಿ ಸದ್ದಿಲ್ಲದೆ ಶಕ್ತಿ ಕಳೆದುಕೊಳ್ಳಬಹುದು. ನಿಜವಾಗಿ ಕರಗಿಸಬಹುದಾದ ಕಲ್ಲು ಯೂರಿಕ್ ಆಮ್ಲದ್ದು. ಅದು ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಸಿ.ಟಿ.ಯಲ್ಲಿ ಸಾಂದ್ರತೆ ಐನೂರರ ಆಸುಪಾಸಿನಲ್ಲೋ ಅದಕ್ಕಿಂತ ಕೆಳಗೋ ಇರುತ್ತದೆ, ಮೂತ್ರ ಆಮ್ಲೀಯವಾಗಿರುತ್ತದೆ. ಇಂಥವರಿಗೆ ವೈದ್ಯರ ನಿಗಾದಲ್ಲಿ ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟು ಮೂತ್ರದ ಪಿ.ಎಚ್. ಅನ್ನು 6.5ರಿಂದ 7ರ ನಡುವೆ ಇಟ್ಟರೆ ಆಪರೇಷನ್ನೇ ಬೇಡವಾಗಬಹುದು. ಕಿಡ್ನಿಯ ಕೆಲಸ ಕುಂದಿದವರು ಈ ಔಷಧಿಯನ್ನು ತಾವಾಗಿಯೇ ಕೊಂಡು ಕುಡಿಯಬಾರದು, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ.

ಪ್ರಶ್ನೆ: ನನಗೆ ಆರ್.ಐ.ಆರ್.ಎಸ್. ಆಗಿ, ಕಲ್ಲು ಪೂರ್ತಿ ಹೋಗಿದೆ ಎಂದು ಹೇಳಿ ಕಳಿಸಿದರು. ಮೂರು ತಿಂಗಳ ನಂತರ ಬೇರೆ ಕಡೆ ಸಿ.ಟಿ. ಮಾಡಿಸಿದಾಗ 3 ಮಿ.ಮೀ. ಚೂರು ಇದೆ ಎಂದರು. ಈಗ ನೋವಿಲ್ಲ. ಆಪರೇಷನ್ ವಿಫಲವಾಯಿತೇ, ಅಥವಾ ನನಗೆ ಸುಳ್ಳು ಹೇಳಿದರೇ? (ಬಳ್ಳಾರಿ)

ಉತ್ತರ: ಸುಳ್ಳು ಹೇಳಿದರು ಎಂದು ಭಾವಿಸಬೇಕಿಲ್ಲ. ಆಪರೇಷನ್ನಿನ ಕೊನೆಗೆ ದುರ್ಬೀನಿನಲ್ಲಿ ಎಲ್ಲ ಮೂಲೆಗಳನ್ನೂ ನೋಡಿ ಖಾಲಿಯಾಗಿದೆ ಎಂದುಕೊಂಡ ಕಿಡ್ನಿಯಲ್ಲಿ ಪುಡಿಯ ಮರೆಯಲ್ಲಿ ಚೂರು ಉಳಿದಿರುವುದು ಅಪರೂಪವಲ್ಲ. ಇಂಥ ಚಿಕ್ಕ ಚೂರನ್ನು ಹಿಂದೆ ಲೆಕ್ಕಕ್ಕಿಲ್ಲದ್ದು ಎಂದೇ ಕರೆಯುತ್ತಿದ್ದರು. ಹಲವು ವರ್ಷ ಇಂಥವರನ್ನು ಹಿಂಬಾಲಿಸಿ ನೋಡಿದ ಮೇಲೆ, ಕೆಲವರಲ್ಲಿ ಅದು ತಾನಾಗಿಯೇ ಹೊರಬೀಳುತ್ತದೆ, ಕೆಲವರಲ್ಲಿ ಸುಮ್ಮನಿರುತ್ತದೆ, ಇನ್ನು ಕೆಲವರಲ್ಲಿ ಬೆಳೆದು ಮತ್ತೆ ಚಿಕಿತ್ಸೆ ಬೇಡುತ್ತದೆ ಎಂದು ಗೊತ್ತಾಗಿದೆ. ಆದ್ದರಿಂದ ಹೆದರುವುದೂ ಬೇಡ, ಮರೆಯುವುದೂ ಬೇಡ. ಆರು ತಿಂಗಳಿಗೊಮ್ಮೆ, ಮುಂದೆ ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿ. ಪದೇ ಪದೇ ಸಿ.ಟಿ. ಬೇಡ, ವಿಕಿರಣ ದೇಹದಲ್ಲಿ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಆಪರೇಷನ್ನಿನಲ್ಲಿ ಒಳಗೆ ಸ್ಟೆಂಟ್ ಇಟ್ಟಿದ್ದರೆ ಅದನ್ನು ತೆಗೆಸಿಕೊಂಡಿದ್ದೀರಾ ಎಂದು ಡಿಸ್ಚಾರ್ಜ್ ಕಾಗದ ತೆಗೆದು ಇಂದೇ ನೋಡಿ. ತೆಗೆಸುವುದನ್ನು ಮರೆತು, ಅದರ ಮೇಲೆಯೇ ಹೊಸ ಕಲ್ಲು ಕಟ್ಟಿಕೊಂಡು ಬರುವವರನ್ನು ನೋಡಿದಾಗ ಬಹಳ ಸಂಕಟವಾಗುತ್ತದೆ.

ತೆಗೆದ ಕಲ್ಲಿನ ಚೂರನ್ನು ಪರೀಕ್ಷೆಗೆ ಕಳಿಸಿದ್ದರೇ ಎಂದು ಆ ಆಸ್ಪತ್ರೆಯಲ್ಲಿ ಕೇಳಿ ವರದಿ ಪಡೆದುಕೊಳ್ಳಿ. ಅದರ ಜೊತೆಗೆ 24 ಗಂಟೆಗಳ ಮೂತ್ರದ ಪರೀಕ್ಷೆ ಮಾಡಿಸಿದರೆ ನಿಮ್ಮ ದೇಹ ಏಕೆ ಕಲ್ಲು ಕಟ್ಟುತ್ತಿದೆ ಎಂಬುದು ತಿಳಿಯುತ್ತದೆ. ಬಳ್ಳಾರಿಯ ಬಿಸಿಲಿನಲ್ಲಿ ಇಷ್ಟು ಲೋಟ ನೀರು ಎಂದು ಎಣಿಸುವುದಕ್ಕಿಂತ ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಆಗುವಷ್ಟು ಕುಡಿಯಬೇಕು. ರಜೆಯ ದಿನ ಒಮ್ಮೆ ಅಳತೆಯ ಕ್ಯಾನಿನಲ್ಲಿ ಹಿಡಿದು ನೋಡಿ. ಮುಂದಿನ ಸ್ಕ್ಯಾನಿನಲ್ಲಿ ಆ ಚೂರು 4 ಮಿ.ಮೀ. ದಾಟಿದ್ದರೆ, ಅಥವಾ ನಡುವೆ ನೋವೋ ಜ್ವರವೋ ಬಂದರೆ, ಹಳೆಯ ಮತ್ತು ಹೊಸ ಫಿಲ್ಮು ಎರಡನ್ನೂ ತೆಗೆದುಕೊಂಡು ಮೊದಲು ಆಪರೇಷನ್ ಮಾಡಿದ ವೈದ್ಯರ ಬಳಿಗೇ ಹೋಗಿ. ನಿಮ್ಮ ಕಿಡ್ನಿಯ ಒಳದಾರಿಯನ್ನು ಕಣ್ಣಾರೆ ನೋಡಿರುವವರು ಅವರೇ.